ಗೂಡಿನ ಬೆಲೆ, ಆಟದ ಬೆಲೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಲೆಯೆಂಬುದು ದಿನದಿನವೂ ಹುಟ್ಟಿ ದಿನದಿನವೂ ಮುಗಿದುಹೋಗುವ ವಸ್ತು. ಜಂಗಮಕೋಟೆ ಹೋಬಳಿಯ ರೈತನು ಬೆಳಗಿನ ಹೊತ್ತಿಗೆ ಗೂಡನ್ನು ತಂದು ಸುರುವಿ ನಿಲ್ಲುತ್ತಾನೆ. ರೀಲರುಗಳು ಬಂದು ಹಿಡಿಯಲ್ಲಿ ನಾಲ್ಕು ಗೂಡೆತ್ತಿ, ಒತ್ತಿ, ಕಿವಿಯ ಬಳಿ ಅಲುಗಿಸಿ ನೋಡುತ್ತಾರೆ, ಆಮೇಲೆ ಹರಾಜು. ಹಿಂದೆ ಕೂಗಿನಲ್ಲಿ ನಡೆಯುತ್ತಿದ್ದುದು ಈಗ ವಿದ್ಯುನ್ಮಾನ ವ್ಯವಸ್ಥೆಯಲ್ಲಿ ನಡೆಯುತ್ತದೆ, ಅಷ್ಟೇ ವ್ಯತ್ಯಾಸ. ನಿಂತ ಬೆಲೆ ಮನಸ್ಸಿಗೆ ಬಾರದೆ ಹೋದರೆ ಒಲ್ಲೆನೆನ್ನುವ ಹಕ್ಕು ರೈತನಿಗುಂಟು. ಅವನು ಗೊಣಗಬಹುದು, ಜಗಳವಾಡಬಹುದು, ಅಧಿಕಾರಿಯ ಮುಂದೆ ಹೋಗಿ ನಿಲ್ಲಬಹುದು. ಲಾಭವೋ ನಷ್ಟವೋ, ಕೊಳ್ಳುವವನೂ ಮಾರುವವನೂ ಒಬ್ಬರ ಮುಖವನ್ನೊಬ್ಬರು ಬಲ್ಲ ಬೆಲೆ ಅದು.

ಅದೇ ರೈತನ ಮನೆಯ ಹುಡುಗನು ಆಸೆಪಡುವ ಒಂದು ವಸ್ತುವಿನ ಬೆಲೆ ಹೀಗೆ ಹುಟ್ಟಿದ್ದಲ್ಲ. ೨೦೨೧ರ ಫೆಬ್ರವರಿ ೨ರಂದು ಸೋನಿ ಸಂಸ್ಥೆಯ ‘ಪ್ಲೇಸ್ಟೇಷನ್ ೫’ ಎಂಬ ವೀಡಿಯೊ ಆಟದ ಯಂತ್ರವು ಭಾರತದ ಅಂಗಡಿಗಳಿಗೆ ಬಂದಾಗ ಅದರ ಬೆಲೆ ೪೯,೯೯೦ ರೂಪಾಯಿ. ಅದರಲ್ಲಿ ಆಡತಕ್ಕ ಹೊಸ ಆಟವೊಂದಕ್ಕೆ ೪,೯೯೯ ರೂಪಾಯಿಯವರೆಗೂ ಕೊಡಬೇಕಾಗಿತ್ತು. ಲೆಕ್ಕಕ್ಕೆ ಅನುಕೂಲವಾಗಲೆಂದು ಗೂಡಿಗೆ ಕಿಲೋಗ್ರಾಮಿಗೆ ೫೦೦ ರೂಪಾಯಿ ಎಂದು ಹಿಡಿಯೋಣ. ಆಟವೊಂದಕ್ಕೆ ಹತ್ತು ಕಿಲೋ ಗೂಡು. ಯಂತ್ರಕ್ಕೆ ನೂರು ಕಿಲೋ. ನೂರು ಮೊಟ್ಟೆ ಮೇಯಿಸಿದರೆ, ರೋಗ ತಗಲದೆ ಹೋದ ಪಕ್ಷಕ್ಕೆ, ಅರುವತ್ತು ಎಪ್ಪತ್ತು ಕಿಲೋ ಗೂಡು ಸಿಕ್ಕೀತು. (ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟ ನಾಲ್ಕೈದುನೂರು ಮೊಟ್ಟೆಗಳ ಗುಂಪು ಎಂಬುದನ್ನು ಪಟ್ಟಣದ ವಾಚಕರು ನೆನಪಿನಲ್ಲಿಡಬೇಕು.) ಎಂದರೆ ಚಾಕಿಯಿಂದ ಮೊದಲುಗೊಂಡು, ನಾಲ್ಕು ಜ್ವರ ಎಬ್ಬಿಸಿ, ಹಗಲಿರುಳೆನ್ನದೆ ಸೊಪ್ಪು ಹಾಕಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು ಪಡೆದ ಬೆಳೆ ಒಂದಲ್ಲ, ಒಂದೂವರೆ ಈ ಯಂತ್ರಕ್ಕೆ ಹೋಗಬೇಕು. ಸೊಪ್ಪಿನ ಖರ್ಚು, ಆಳಿನ ಕೂಲಿ, ಸಾಲದ ಬಡ್ಡಿ ಇವನ್ನು ನಾವು ಕಳೆದೇ ಇಲ್ಲ. ಟೋಕಿಯೋದಲ್ಲಿಯಾಗಲಿ ಕ್ಯಾಲಿಫೋರ್ನಿಯದಲ್ಲಿಯಾಗಲಿ ಆಟದ ಬೆಲೆಯನ್ನು ಗೊತ್ತುಮಾಡುವವರು ಈ ಗುಣಾಕಾರವನ್ನು ಮಾಡಿ ನೋಡಬೇಕಾದ ಅಗತ್ಯ ಎಂದೂ ಬಿದ್ದಿರಲಿಲ್ಲ. ಅಮೆರಿಕದಲ್ಲಿ ಬಹುಕಾಲ ಅರುವತ್ತು ಡಾಲರು, ೨೦೨೦ರಿಂದೀಚೆಗೆ ಎಪ್ಪತ್ತು. ಅದನ್ನು ರೂಪಾಯಿಗೆ ತಿರುಗಿಸಿ, ಅಲ್ಪಸ್ವಲ್ಪ ಹಿಂದೆ ಮುಂದೆ ಮಾಡಿದರೆ ನಮ್ಮ ಬೆಲೆ.

ಹೀಗಿರುವಾಗ ನಮ್ಮ ನಾಡಿನಲ್ಲಿ ಈ ಆಟಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಕಳ್ಳಪ್ರತಿಯ ಚರಿತ್ರೆಯಾದುದರಲ್ಲಿ ಆಶ್ಚರ್ಯವಿಲ್ಲ. ಕಳ್ಳತನವನ್ನು ಕಳ್ಳತನವೆಂದು ಕರೆಯಲು ನಾವು ಅಂಜಬೇಕಾಗಿಲ್ಲ. ಆದರೆ ಈ ಚರಿತ್ರೆಯಲ್ಲಿ ಕಳ್ಳನು ಯಾರು, ಕಳೆದುಕೊಂಡವನು ಯಾರು, ಬಾಗಿಲನ್ನು ಮುಚ್ಚಿದವನು ಯಾರು ಎಂಬ ಪಾತ್ರಗಳು ಅಷ್ಟು ಸುಲಭವಾಗಿ ಬೇರ್ಪಡುವುದಿಲ್ಲ. ಅದಕ್ಕಾಗಿಯೇ ಈ ವಿಚಾರ ಸಾಹಿತ್ಯಾಸಕ್ತರ ಗಮನಕ್ಕೂ ಯೋಗ್ಯವೆಂದು ನನಗೆ ತೋರುತ್ತದೆ.

ಮೊದಲ ಯುಗ ಕ್ಯಾಸೆಟ್ಟಿನದು. ಜಪಾನಿನ ನಿಂಟೆಂಡೊ ಸಂಸ್ಥೆ ೧೯೮೩ರಲ್ಲಿ ತನ್ನ ‘ಫ್ಯಾಮಿಲಿ ಕಂಪ್ಯೂಟರ್’ ಯಂತ್ರವನ್ನು ಹೊರತಂದಾಗ ಅದಕ್ಕೆ ಬೀಗವಿರಲಿಲ್ಲ. ಯಾರು ತಯಾರಿಸಿದ ಕ್ಯಾಸೆಟ್ಟನ್ನು ಹಾಕಿದರೂ ಅದು ಓಡುತ್ತಿತ್ತು. ೧೯೮೫ರಲ್ಲಿ ಅದೇ ಯಂತ್ರವನ್ನು ರೂಪ ಬದಲಿಸಿ ಅಮೆರಿಕಕ್ಕೆ ಒಯ್ದಾಗ ಬೀಗ ಬಂತು. ಯಂತ್ರದೊಳಗೊಂದು ಚಿಪ್, ಕ್ಯಾಸೆಟ್ಟಿನೊಳಗೊಂದು ಚಿಪ್. ಎರಡೂ ಒಂದೇ ಲಯದಲ್ಲಿ ಒಂದೇ ಮಂತ್ರವನ್ನು ಜಪಿಸುತ್ತಿರಬೇಕು. ತಾಳ ತಪ್ಪಿತೋ, ಆಟ ಮತ್ತೆ ಮತ್ತೆ ಮೊದಲಿಗೆ ಬಂದು ನಿಲ್ಲುತ್ತದೆ. ನಿಂಟೆಂಡೊಗೆ ಕಪ್ಪ ಒಪ್ಪಿಸದೆ ಯಾರೂ ಕ್ಯಾಸೆಟ್ಟು ಮಾಡಬಾರದೆಂಬುದೇ ಇದರ ಉದ್ದೇಶ. ಈ ಬೀಗವನ್ನು ಮುರಿದವರು ಯಾರೋ ಗಲ್ಲಿಯ ಹುಡುಗರಲ್ಲ. ಅಟಾರಿ ಗೇಮ್ಸ್ ಎಂಬ ಪ್ರತಿಷ್ಠಿತ ಕಂಪನಿಯೇ, ನ್ಯಾಯಾಲಯದ ವ್ಯಾಜ್ಯಕ್ಕೆ ಬೇಕೆಂದು ಸುಳ್ಳು ಕಾರಣ ಹೇಳಿ, ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಿಂದಲೇ ಆ ಮಂತ್ರದ ಪ್ರತಿಯನ್ನು ಪಡೆದುಕೊಂಡಿತು; ೧೯೯೨ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು.

ನಮ್ಮಲ್ಲಿಗೆ ಬಂದದ್ದು ಬೀಗವಿಲ್ಲದ ಜಪಾನಿ ಯಂತ್ರದ ನಕಲುಗಳು. ಪೂರ್ವ ಏಷ್ಯದ ಕಾರ್ಖಾನೆಗಳಲ್ಲಿ ತಯಾರಾಗಿ ‘ಲಿಟ್ಲ್ ಮಾಸ್ಟರ್’, ‘ಮೀಡಿಯಾ’, ‘ಟರ್ಮಿನೇಟರ್’ ಮುಂತಾದ ಹೆಸರು ಹೊತ್ತು, ತೊಂಬತ್ತರ ದಶಕದಲ್ಲಿ ಜಿಲ್ಲಾ ಕೇಂದ್ರದ ಅಂಗಡಿಗಳವರೆಗೂ ಅವು ಬಂದವು. ಜನ ಅವನ್ನು ‘ಟಿ.ವಿ. ಗೇಮ್’ ಎಂದರು. ಹಳದಿ ಕ್ಯಾಸೆಟ್ಟಿನ ಮೇಲೆ ‘ಒಂದರಲ್ಲಿ ೯೯೯೯೯೯’ ಎಂದು ಅಚ್ಚಾಗಿರುತ್ತಿತ್ತು. ಒಳಗೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು; ಅವೇ ಬೇರೆ ಬೇರೆ ಸಂಖ್ಯೆ ಹೊತ್ತು ಮತ್ತೆ ಮತ್ತೆ ಬರುತ್ತಿದ್ದವು. (ಜಾಹೀರಾತಿನಲ್ಲಿ ಇಷ್ಟು ಧಾರಾಳವಾದ ಉತ್ಪ್ರೇಕ್ಷಾಲಂಕಾರ ನಮ್ಮ ಆಸ್ಥಾನಕವಿಗಳಿಗೂ ಸಾಧ್ಯವಾಗಿರಲಿಲ್ಲ.) ಮಾರಿಯೋ ಎಂಬ ಮೀಸೆಯ ಕೊಳಾಯಿಗಾರನನ್ನೂ ‘ಕಾಂಟ್ರಾ’ದ ಇಬ್ಬರು ಸೈನಿಕರನ್ನೂ ಕರ್ನಾಟಕದ ಒಂದು ತಲೆಮಾರು ಬಾಲ್ಯದ ಗೆಳೆಯರಂತೆ ಬಲ್ಲದು. ಆದರೆ ಆ ತಲೆಮಾರಿನ ಎಷ್ಟು ಮಂದಿಗೆ ನಿಂಟೆಂಡೊ, ಕೊನಾಮಿ ಎಂಬ ಹೆಸರುಗಳು ಗೊತ್ತಿದ್ದವು? ಕೃತಿ ಬಂತು, ಕರ್ತೃವಿನ ಹೆಸರು ಬರಲಿಲ್ಲ. ಹಣ ಸಲ್ಲದೆ ಹೋದುದಕ್ಕಿಂತ ಇದು ಸಣ್ಣ ಅನ್ಯಾಯವೆಂದು ನಾನು ಭಾವಿಸುವುದಿಲ್ಲ.

ಬೀಗದ ವಿಚಾರವನ್ನು ಜಂಗಮಕೋಟೆಯ ರೈತನಿಗೆ ವಿವರಿಸುವುದು ಬೆಂಗಳೂರಿನ ಪದವೀಧರನಿಗೆ ವಿವರಿಸುವುದಕ್ಕಿಂತ ಸುಲಭ. ಅವನು ಸಾಕುವುದು ಬಹುಮಟ್ಟಿಗೆ ಮಿಶ್ರತಳಿಯ ಹುಳು. ಮೈಸೂರು ತಳಿಯ ತಾಯಿ, ದ್ವಿತಳಿಯ ತಂದೆ. ತನ್ನ ಗೂಡಿನಿಂದಲೇ ಚಿಟ್ಟೆ ಹೊರಡಿಸಿ, ಮೊಟ್ಟೆ ಇಡಿಸಿ, ಮುಂದಿನ ಬೆಳೆ ತೆಗೆಯುತ್ತೇನೆಂದು ಹೊರಟರೆ ಆ ಸಂತಾನದಲ್ಲಿ ಮೊದಲಿನ ಗುಣ ನಿಲ್ಲುವುದಿಲ್ಲ. ಒಂದು ದಪ್ಪ, ಒಂದು ತೆಳು, ಬೆಳೆ ಏರುಪೇರು. ಆದ್ದರಿಂದ ಪ್ರತಿ ಸಲವೂ ಬಿತ್ತನೆಯವರಿಂದ ಮೊಟ್ಟೆ ಕೊಳ್ಳಲೇಬೇಕು. ಪ್ರಕೃತಿಯೇ ಹಾಕಿಟ್ಟ ಬೀಗ ಅದು. ಅದರ ಮೇಲೆ ರೇಷ್ಮೆ ಬಿತ್ತನೆ, ಗೂಡು, ನೂಲುಗಳ ವ್ಯವಹಾರವನ್ನು ನಿಯಂತ್ರಿಸುವ ೧೯೫೯ರ ಕಾಯಿದೆಯ ಬೀಗವೂ ಉಂಟು. ಇಷ್ಟಾದರೂ ರೈತನು ದಂಗೆಯೇಳಲಿಲ್ಲವೇಕೆ? ಮೊಟ್ಟೆಯ ಬೆಲೆ ಬೆಳೆಯ ಬೆಲೆಯ ಮುಂದೆ ಅಲ್ಪ; ಕೊಂಡರೆ ಲಾಭ, ಕದ್ದರೆ ನಷ್ಟ. ಬೀಗ ನಿಂತಿರುವುದು ಕಬ್ಬಿಣದ ಬಲದಿಂದಲ್ಲ, ಬೆಲೆಯ ಬಲದಿಂದ. ಇನ್ನು ರೇಷ್ಮೆಯ ಪೂರ್ವೋತ್ತರವನ್ನೇ ಕೆದಕಿದರೆ, ಚೀನೀಯರು ಕಾಪಾಡಿಕೊಂಡು ಬಂದ ಆ ರಹಸ್ಯವನ್ನು ಆರನೆಯ ಶತಮಾನದಲ್ಲಿ, ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ, ಮೊಟ್ಟೆಗಳ ಸಮೇತ ಕಾನ್‌ಸ್ಟಾಂಟಿನೋಪಲಿಗೆ ಸಾಗಿಸಿದವರು ಸನ್ಯಾಸಿಗಳು. ಊರುಗೋಲಿನ ಪೊಳ್ಳಿನಲ್ಲಿ ಅಡಗಿಸಿ ತಂದರೆಂದು ಕಥೆ. ನಮ್ಮ ಸೀಮೆಗೆ ಹುಳು ಬಂದದ್ದು ಹಾಗಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ತರಿಸಿದನು.

ಎರಡನೆಯ ಯುಗ ಸಿ.ಡಿ.ಯದು. ೧೯೯೪ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಹೊರಬಂದ ಸೋನಿಯ ಮೊದಲ ಪ್ಲೇಸ್ಟೇಷನ್ ಸಿ.ಡಿ.ಯ ಮೇಲೆ ಆಟಗಳನ್ನು ತಂದಿತು. ಸಿ.ಡಿ.ಯನ್ನು ನಕಲು ಮಾಡುವುದು ಕ್ಯಾಸೆಟ್ಟನ್ನು ನಕಲು ಮಾಡಿದಷ್ಟು ಕಷ್ಟವಲ್ಲ, ಕಂಪ್ಯೂಟರೊಂದಿದ್ದರೆ ಸಾಕು. ಆದ್ದರಿಂದ ಸೋನಿಯ ಯಂತ್ರಜ್ಞರು ಒಂದು ಉಪಾಯ ಹೂಡಿದರು. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ತಟ್ಟೆಯ ಒಳ ಅಂಚಿನಲ್ಲಿ ಸುರುಳಿಯ ಗೆರೆ ನೇರವಾಗಿ ಹೋಗದೆ ಸೂಕ್ಷ್ಮವಾಗಿ ಅಲೆಯಾಡುತ್ತದೆ, ಆ ಅಲೆಯಲ್ಲಿ ಕೆಲವು ಅಕ್ಷರಗಳು ಅಡಗಿವೆ, ಸಾಧಾರಣ ಸಿ.ಡಿ. ಬರೆಯುವ ಯಂತ್ರಕ್ಕೆ ಅಲೆಯನ್ನು ಬರೆಯಲು ಬಾರದು. ಯಂತ್ರವು ಮೊದಲು ಆ ಅಕ್ಷರಗಳನ್ನು ಹುಡುಕುತ್ತದೆ, ಕಾಣದಿದ್ದರೆ ಆಟವನ್ನು ನಿರಾಕರಿಸುತ್ತದೆ. ಇದಕ್ಕೆ ಪ್ರತಿಯಾಗಿ ಹುಟ್ಟಿದುದು ಕಾಳಿನಷ್ಟು ದೊಡ್ಡ ಒಂದು ಚಿಪ್. ಅದನ್ನು ಯಂತ್ರದೊಳಗೆ ಕೆಲವು ಎಳೆ ತಂತಿಗಳಿಂದ ಬೆಸೆದುಬಿಟ್ಟರೆ, ತಟ್ಟೆಯಲ್ಲಿ ಆ ಅಕ್ಷರಗಳಿರಲಿ ಇಲ್ಲದಿರಲಿ, ಅದು ‘ಇವೆ, ಇವೆ’ ಎಂದು ಯಂತ್ರದ ಕಿವಿಯಲ್ಲಿ ಹೇಳುತ್ತಲೇ ಇರುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಈ ವಿದ್ಯೆಯ ಗುರುಕುಲಗಳಾದವು. ಜಂಗಮಕೋಟೆಯಿಂದ ವಿಜಯಪುರ, ದೇವನಹಳ್ಳಿಯ ಮೇಲೆ ಬಸ್ಸು ಹಿಡಿದು ಬೆಂಗಳೂರು ಸೇರಿದ ಕಾಲೇಜು ವಿದ್ಯಾರ್ಥಿ, ಮೆಜೆಸ್ಟಿಕ್ಕಿನಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು, ಸಾವಿರಗಟ್ಟಲೆ ರೂಪಾಯಿಯ ಆಟ ನೂರು ರೂಪಾಯಿಯ ಒಳಗೇ ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕುತ್ತಿತ್ತು. ‘ಚಿಪ್ ಹಾಕಿದ್ದೋ, ಹಾಕದ್ದೋ?’ ಎಂಬುದು ಅಲ್ಲಿ ಯಂತ್ರ ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆ. ಪೊಲೀಸರ ದಾಳಿ ಆಗೀಗ ನಡೆಯುತ್ತಿತ್ತು. ಬಾಗಿಲು ಹಾಕುತ್ತಿದ್ದವು, ತೆರೆಯುತ್ತಿದ್ದವು. ಈ ಬೆಸುಗೆಯವನ ಬಗೆಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕೂದಲೆಳೆಯಂಥ ತಂತಿಯನ್ನು ಕೂದಲೆಳೆಯಷ್ಟು ಅಂತರದ ಎರಡು ಬಿಂದುಗಳ ನಡುವೆ ಕೂರಿಸಬೇಕು. ಕೈ ನಡುಗಿದರೆ ಗಿರಾಕಿಯ ಯಂತ್ರ ಹಾಳು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದೆಯೂ ಈ ಕೆಲಸವನ್ನು ಕಣ್ಣಿನಿಂದ ಕಣ್ಣಿಗೆ ಕಲಿತವರಿದ್ದರು. ಮಗ್ಗದವನ ಕೈಚಳಕವನ್ನು ಕಲೆಯೆನ್ನುವ ನಾವು ಇದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಸೋನಿಗೆ ಇದು ಕಾಣದೆ ಇರಲಿಲ್ಲ. ಪ್ಲೇಸ್ಟೇಷನ್‌ನ ಎರಡನೆಯ ಅವತಾರ ೨೦೦೦ದಲ್ಲಿ ಜಪಾನಿನಲ್ಲಿ ಬಂದದ್ದು. ಮೂರನೆಯದು ೨೦೦೭ರಲ್ಲಿ ಭಾರತಕ್ಕೆ ಬಂದ ಮೇಲೂ ಅದು ಇಲ್ಲಿ ಮಾರಾಟವಾಗುತ್ತಲೇ ಇತ್ತು. ೨೦೦೯ರಲ್ಲಿ ಆ ಹಳೆಯ ಯಂತ್ರಕ್ಕೆಂದೇ ‘ಹನುಮಾನ್: ಬಾಯ್ ವಾರಿಯರ್’ ಎಂಬ ಆಟ ಹೊರಬಂತು. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ತಯಾರಿಸಿದ್ದು. ಬೆಲೆ ೪೯೯ ರೂಪಾಯಿ. ನಮ್ಮ ದೇಶದ ಆಟಗಳನ್ನೇ ಒಳಗೊಂಡ ‘ದೇಸಿ ಅಡ್ಡಾ’ ಎಂಬುದೂ ಆ ವರ್ಷದ್ದೇ. ಹನುಮಂತನನ್ನು ಗುಂಡಿಯೊತ್ತಿ ಕುಣಿಸುವುದು ಸರಿಯೇ ಎಂದು ಕೆಲವರು ಆಕ್ಷೇಪಿಸಿದರು. ಆಟವು ಆಟವಾಗಿ ಚೆನ್ನಾಗಿಲ್ಲವೆಂದು ಆಡಿದವರು ಹೇಳಿದರು. ಇರಲಿ. ಅದಕ್ಕಿಂತ ಮುಖ್ಯವಾದುದು ಆ ೪೯೯. ಬೆಲೆ ಎಂಬುದು ಪ್ರಕೃತಿನಿಯಮವಲ್ಲ, ಇಳಿಸಬೇಕೆಂದರೆ ಇಳಿಯುತ್ತದೆ ಎಂದು ಕಂಪನಿಯೇ ಒಪ್ಪಿಕೊಂಡ ಸಂದರ್ಭ ಅದು. ಒಪ್ಪಿಕೊಂಡದ್ದು ತಡವಾಗಿ, ಅದೂ ಮುದಿಯಾದ ಯಂತ್ರದ ಮಟ್ಟಿಗೆ.

ಮೂರನೆಯ ಪ್ಲೇಸ್ಟೇಷನ್‌ನ ಬೀಗ ಒಡೆದ ಕಥೆ ಗಣಿತದ ಅಧ್ಯಾಪಕರಿಗೆ ರುಚಿಸಬಹುದು. ಅಲ್ಲಿ ಬೀಗವೆಂದರೆ ರಾಜಮುದ್ರೆ. ಸೋನಿಯ ರಹಸ್ಯ ಸಂಖ್ಯೆಯಿಂದ ಮುದ್ರೆ ಒತ್ತಿದ ಕ್ರಮವಿಧಿಯನ್ನು ಮಾತ್ರ ಯಂತ್ರ ನಡೆಸುತ್ತದೆ. ಪ್ರತಿ ಮುದ್ರೆಗೂ ಹೊಸದೊಂದು ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸಬೇಕೆಂಬುದು ಆ ಗಣಿತದ ನಿಯಮ. ಸೋನಿಯವರು ಪ್ರತಿ ಸಲವೂ ಅದೇ ಸಂಖ್ಯೆಯನ್ನು ಬೆರೆಸಿದ್ದರು. ಎರಡು ಮುದ್ರೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡು ಸಮೀಕರಣ, ಎರಡು ಅವ್ಯಕ್ತ. ಹೈಸ್ಕೂಲಿನ ಬೀಜಗಣಿತದ ರೀತಿಯಲ್ಲೇ ರಹಸ್ಯ ಹೊರಬಿತ್ತು. ೨೦೧೦ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ‘ಫೇಲ್‌ಓವರ್‌ಫ್ಲೋ’ ಎಂಬ ತಂಡ ಇದನ್ನು ತೋರಿಸಿತು. ಮರುತಿಂಗಳೇ ಜಾರ್ಜ್ ಹಾಟ್ಜ್ ಎಂಬ ಅಮೆರಿಕದ ತರುಣನು ಮೂಲ ಕೀಲಿಯನ್ನು ಪ್ರಕಟಿಸಿದನು. ಸೋನಿ ಮೊಕದ್ದಮೆ ಹೂಡಿ, ೨೦೧೧ರ ಏಪ್ರಿಲಿನಲ್ಲಿ ರಾಜಿಯಾಯಿತು. ಈ ತರುಣರ ಪರವಾಗಿಯೂ ಒಂದು ಮಾತಿದೆ. ಆ ಯಂತ್ರದಲ್ಲಿ ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯನ್ನು ಹಾಕಿಕೊಳ್ಳುವ ಅವಕಾಶವನ್ನು ಮಾರುವಾಗ ಕೊಟ್ಟಿದ್ದ ಸೋನಿ, ೨೦೧೦ರ ಏಪ್ರಿಲ್ ೧ರಂದು ಅದನ್ನು ಹಿಂತೆಗೆದುಕೊಂಡಿತ್ತು. ಹಣ ಕೊಟ್ಟು ಕೊಂಡ ಎತ್ತಿನ ಒಂದು ಕೊಂಬನ್ನು ಮಾರಿದವನು ಆಮೇಲೆ ಬಂದು ಕೊಯ್ದುಕೊಂಡು ಹೋದಂತೆ.

ಶಿಕ್ಷೆಗಳೂ ಸಣ್ಣವಲ್ಲ. ನಿಂಟೆಂಡೊದ ‘ಸ್ವಿಚ್’ ಯಂತ್ರದ ಬೀಗ ಮುರಿಯುವ ಸಾಧನಗಳನ್ನು ಮಾರಿದ ತಂಡದ ಗ್ಯಾರಿ ಬೌಸರ್ ಎಂಬ ಕೆನಡಾದವನಿಗೆ ಅಮೆರಿಕದ ನ್ಯಾಯಾಲಯ ೨೦೨೨ರ ಫೆಬ್ರವರಿಯಲ್ಲಿ ೪೦ ತಿಂಗಳ ಸೆರೆ ವಿಧಿಸಿತು. ಅವನು ಕಟ್ಟಿಕೊಡಬೇಕೆಂದಾದ ಒಟ್ಟು ಹಣ ೧೪೫ ಲಕ್ಷ ಡಾಲರು. ಸೆರೆ ಮುಗಿದರೂ ಸಂಪಾದನೆಯ ಒಂದು ಪಾಲು ಕಂಪನಿಗೆ ಹೋಗುತ್ತಲೇ ಇರಬೇಕು.

ನಮ್ಮ ಕಾನೂನಿನ ವಿಷಯಕ್ಕೆ ಬರೋಣ. ೧೯೫೭ರ ಹಕ್ಕುಸ್ವಾಮ್ಯ ಕಾಯಿದೆ ಕಂಪ್ಯೂಟರ್ ಕ್ರಮವಿಧಿಯ ಕಳ್ಳಪ್ರತಿಯನ್ನು ತಿಳಿದೂ ತಿಳಿದೂ ಬಳಸುವವನಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, ೫೦,೦೦೦ದಿಂದ ೨ ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ವ್ಯಾಪಾರಕ್ಕಾಗಿ, ಲಾಭಕ್ಕಾಗಿ ಬಳಸದವನನ್ನು ಸೆರೆಗೆ ಕಳುಹಿಸದೆ ದಂಡದಲ್ಲೇ ಬಿಡುವ ವಿವೇಕವನ್ನು ನ್ಯಾಯಾಧೀಶರಿಗೆ ಅದು ಬಿಟ್ಟುಕೊಟ್ಟಿದೆ. ೨೦೧೨ರ ತಿದ್ದುಪಡಿಯಲ್ಲಿ ಬೀಗ ಮುರಿಯುವುದೂ ಅಪರಾಧವಾಯಿತು. ಆದರೆ ಅಲ್ಲಿಯೂ ಹಕ್ಕನ್ನು ಉಲ್ಲಂಘಿಸುವ ಉದ್ದೇಶವಿರಬೇಕೆಂಬ ಷರತ್ತು ಇದೆ. ಇದು ದೆಹಲಿಯ ವಿವೇಕ. ಬೆಂಗಳೂರಿನ ಕಥೆ ಬೇರೆ. ಕಳ್ಳಭಟ್ಟಿಯವರು, ಮಾದಕ ವಸ್ತುವಿನವರು, ಜೂಜುಕೋರರು, ಗೂಂಡಾಗಳು, ಕೊಳೆಗೇರಿ ಕಬಳಿಸುವವರು ಮೊದಲಾದವರನ್ನು ತಡೆಯಲೆಂದು ೧೯೮೫ರಲ್ಲಿ ಕರ್ನಾಟಕ ಮಾಡಿದ ಕಾಯಿದೆಯನ್ನು ಜನ ಚಿಕ್ಕದಾಗಿ ಗೂಂಡಾ ಕಾಯಿದೆ ಎನ್ನುತ್ತಾರೆ. ಅದರ ಉದ್ದನೆಯ ಹೆಸರಿನಲ್ಲಿ ವೀಡಿಯೊ, ಆಡಿಯೊ ಕಳ್ಳಪ್ರತಿಯವರೂ ಸ್ಥಾನ ಪಡೆದಿದ್ದರು. ೨೦೧೪ರ ತಿದ್ದುಪಡಿ ‘ಡಿಜಿಟಲ್ ಅಪರಾಧಿ’ ಎಂಬ ಹೊಸ ವರ್ಗವನ್ನು ತಂದು, ವ್ಯಾಪಾರಕ್ಕಾಗಿ ಹಕ್ಕುಸ್ವಾಮ್ಯವನ್ನು ಉಲ್ಲಂಘಿಸುವವನನ್ನು ಆಸಿಡ್ ಎರಚುವವನ ಪಕ್ಕದಲ್ಲಿ ಕೂರಿಸಿತು. ಈ ಕಾಯಿದೆಯ ವಿಶೇಷವೆಂದರೆ ಇದು ಶಿಕ್ಷೆಯ ಕಾಯಿದೆಯಲ್ಲ, ಮುನ್ನೆಚ್ಚರಿಕೆಯ ಬಂಧನದ ಕಾಯಿದೆ. ಅಪರಾಧ ರುಜುವಾತಾಗುವುದಕ್ಕೆ ಮೊದಲೇ ಒಂದು ವರ್ಷದವರೆಗೆ ಒಳಗಿಡಬಹುದು. ಚಲನಚಿತ್ರದವರ ಸಂಕಟ ಇದರ ಹಿಂದಿತ್ತೆಂಬುದು ನಿಜ. ಬಿಡುಗಡೆಯಾದ ದಿನವೇ ಚಿತ್ರದ ನಕಲು ಬೀದಿಗೆ ಬಂದರೆ ನಿರ್ಮಾಪಕನು ಮುಳುಗುತ್ತಾನೆ. ಹಾಗಿದ್ದರೂ ಪುಸ್ತಕವನ್ನೋ ಸಂಗೀತವನ್ನೋ ಆಟವನ್ನೋ ನಕಲು ಮಾಡಿ ಮಾರಿದವನಿಗೂ ಆಸಿಡ್ ಎರಚಿದವನಿಗೂ ಒಂದೇ ಬೋನು ಎಂಬ ನ್ಯಾಯ ಯಾವ ಸ್ಮೃತಿಕಾರನ ತಲೆಗೂ ಹೊಳೆದಿರಲಾರದು. ಅಂದು ಪತ್ರಿಕೆಗಳಲ್ಲಿ ಟೀಕೆಗಳು ಬಂದವು; ತಿದ್ದುಪಡಿ ನಿಂತಿತು.

ಇದೇ ನಾಡಿನಲ್ಲಿ ನಕಲು ಮಾಡಿಸುವುದು ಪುಣ್ಯವೆನಿಸಿದ್ದ ಕಾಲವೂ ಇತ್ತು. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲ ಸಂಗತಿ. ‘ದಾನಚಿಂತಾಮಣಿ’ ಎಂಬ ಬಿರುದಿಗೆ ಆಕೆ ಪಾತ್ರಳಾದಳು. ಗೂಂಡಾ ಕಾಯಿದೆಯ ಕಣ್ಣಿನಿಂದ ನೋಡಿದರೆ ಏನಾಗುತ್ತಿತ್ತೋ ಎಂದು ವಿನೋದಕ್ಕೆ ಕೇಳಬಹುದು. ಆದರೆ ಈ ಹೋಲಿಕೆಯನ್ನು ಕಳ್ಳಪ್ರತಿಯ ವಕೀಲರು ಬಳಸುವಷ್ಟು ಸ್ವಚ್ಛಂದವಾಗಿ ನಾನು ಬಳಸಲಾರೆ. ಶಾಂತಿಪುರಾಣವನ್ನು ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪನೂ ಆತನ ತಮ್ಮ ಪುನ್ನಮಯ್ಯನೂ. ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ. ಕವಿಯ ಬದುಕಿಗೆ ಆಧಾರವಾಗಿ ಆಶ್ರಯದಾತರಿದ್ದರು, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮನ್ನಣೆಯಿತ್ತು. ಕೃತಿಕಾರನಿಗೆ ಸಲ್ಲಬೇಕಾದುದು ಮೊದಲೇ ಸಂದಮೇಲೆ ಪ್ರತಿ ಸಾವಿರವಾದರೇನು, ಲಕ್ಷವಾದರೇನು? ಪ್ರತಿಯೊಂದು ಪ್ರತಿಯ ಮಾರಾಟದಿಂದಲೇ ಬದುಕಬೇಕಾದ ಇಂದಿನ ಕೃತಿಕಾರನ ಪಾಡು ಅದಲ್ಲ.

ಪ್ರತಿಗಳು ಮಾಡಿದ ಇನ್ನೊಂದು ಉಪಕಾರವನ್ನು ಮಾತ್ರ ಮರೆಯಲಾಗದು. ತಾಳೆಯ ಗರಿಯನ್ನು ಹುಳು ತಿನ್ನುತ್ತದೆ. ಹಲವು ಮನೆಗಳಲ್ಲಿ ಹಲವು ಪ್ರತಿಗಳಿದ್ದರೆ ಒಂದಾದರೂ ಉಳಿಯುತ್ತದೆ. ಆಟಗಳಿಗೂ ಹುಳು ಹಿಡಿಯುತ್ತದೆ. ೨೦೧೦ಕ್ಕೆ ಮುಂಚೆ ಅಮೆರಿಕದಲ್ಲಿ ಪ್ರಕಟವಾದ ಆಟಗಳಲ್ಲಿ ಶೇಕಡ ೮೭ ಇಂದು ಯಾವ ಅಂಗಡಿಯಲ್ಲೂ ಕ್ರಯಕ್ಕೆ ಸಿಕ್ಕುವುದಿಲ್ಲವೆಂದು ಅಲ್ಲಿಯ ವೀಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ೨೦೨೩ರಲ್ಲಿ ಲೆಕ್ಕ ಹಾಕಿ ತೋರಿಸಿತು. ಗ್ರಂಥಾಲಯಗಳು ಹಳೆಯ ಆಟಗಳನ್ನು ವಿದ್ವಾಂಸರಿಗೆ ದೂರದಿಂದ ತೋರಿಸಲು ಅನುಮತಿ ಕೇಳಿದಾಗ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ ೨೦೨೪ರಲ್ಲಿ ನಿರಾಕರಿಸಿತು. ಆ ವರ್ಷವೇ ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿ ತನ್ನ ‘ದ ಕ್ರೂ’ ಎಂಬ ಆಟದ ಕೇಂದ್ರ ಯಂತ್ರಗಳನ್ನು ನಿಲ್ಲಿಸಿದ್ದರಿಂದ, ಪೂರ್ತಿ ಬೆಲೆ ಕೊಟ್ಟು ಕೊಂಡವರ ಮನೆಯಲ್ಲೂ ಆಟ ಸತ್ತಿತು. ಕೊಂಡವನ ಬಳಿ ಏನೂ ಉಳಿಯದೆ, ಕದ್ದವನ ಬಳಿ ಮಾತ್ರ ಹಳೆಯ ಕೃತಿಗಳು ಉಳಿಯುವ ವಿಚಿತ್ರ ಸ್ಥಿತಿ ಇದು.

ಇದನ್ನೆಲ್ಲ ಹೇಳಿದಮೇಲೂ ಸಣ್ಣ ಕೃತಿಕಾರನ ಮುಖ ಕಣ್ಣ ಮುಂದೆ ನಿಲ್ಲುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ ‘ರಾಜಿ’ ಎಂಬ ಆಟವನ್ನು ಕಟ್ಟಿತು. ಅಪಹೃತನಾದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ, ನಮ್ಮ ಪುರಾಣಗಳ ದೇವತೆಗಳು, ರಾಜಸ್ಥಾನದ ಕೋಟೆಗಳ ಚಿತ್ರಣ. ೨೦೧೭ರಲ್ಲಿ ಸಾರ್ವಜನಿಕರಿಂದ ಚಂದಾ ಎತ್ತುವ ಪ್ರಯತ್ನ ಸೋತಿತು. ಆದರೂ ಬಿಡದೆ ೨೦೨೦ರಲ್ಲಿ ಆಟವನ್ನು ಹೊರತಂದರು. ಇಂಥವರ ಆಟವನ್ನು ನಕಲು ಮಾಡಿಕೊಂಡು ‘ಕಂಪನಿಗಳು ಸುಲಿಗೆ ಮಾಡುತ್ತವೆ’ ಎಂದು ಸಮರ್ಥಿಸಿಕೊಳ್ಳುವವನ ಮಾತಿಗೆ ನನ್ನಲ್ಲಿ ಕಿವಿಯಿಲ್ಲ. ಬೆಲೆ ಹೆಚ್ಚೆಂಬ ನೆವ ಅಲ್ಲಿ ನಿಲ್ಲುವುದಿಲ್ಲ. ಕೋಟ್ಯಧೀಶ ಸಂಸ್ಥೆಗೂ ಹತ್ತಾರು ಜನರ ತಂಡಕ್ಕೂ ಕಳ್ಳಪ್ರತಿ ಭೇದವೆಣಿಸುವುದಿಲ್ಲ.

ಇನ್ನು ಬೆಂಗಳೂರಿನದೇ ಒಂದು ಸಂಗತಿ. ‘ಗ್ರಾಂಡ್ ಥೆಫ್ಟ್ ಆಟೊ: ವೈಸ್ ಸಿಟಿ’ ಎಂಬ ಆಟ ೨೦೦೨ರಲ್ಲಿ ಬಂತು, ಮರುವರ್ಷ ಕಂಪ್ಯೂಟರಿಗೂ ಬಂತು. ನಮ್ಮ ಸೈಬರ್ ಕೇಂದ್ರಗಳಲ್ಲಿ, ಕಾಲೇಜು ಹಾಸ್ಟೆಲುಗಳಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಿದಾಡಿದ ಕಳ್ಳಪ್ರತಿಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಹೆಸರಿನಲ್ಲೇ ‘ಮಹಾ ಕಳ್ಳತನ’ವಿದ್ದುದನ್ನು ಯಾರೂ ಗಮನಿಸಿದಂತಿಲ್ಲ. ಅದಕ್ಕೆ ಮೊದಲೇ, ೧೯೯೭ರಲ್ಲಿ, ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ಆಟದ ಕಾರ್ಯಾಗಾರವನ್ನು ಸ್ಥಾಪಿಸಿದ್ದರು. ಕೊಳ್ಳುವ ಮಾರುಕಟ್ಟೆ ಇಲ್ಲಿಲ್ಲದ್ದರಿಂದ ಅದು ಹೊರದೇಶದ ಆಟಗಳಿಗೆ ಚಿತ್ರ, ಆಕಾರ, ಬಣ್ಣಗಳನ್ನು ರಚಿಸಿಕೊಡುತ್ತ ಬೆಳೆಯಿತು. ನೂಲು ನಮ್ಮದು, ಸೀರೆಯ ಅಂಚಿನ ಮೇಲೆ ಹೆಸರು ಅವರದು. ೨೦೧೭ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು. ೨೦೧೯ರಲ್ಲಿ ಕೊಂಡದ್ದು ‘ವೈಸ್ ಸಿಟಿ’ಯ ಒಡೆಯರಾದ ರಾಕ್‌ಸ್ಟಾರ್. ಬೆಂಗಳೂರಿನಲ್ಲಿ ೨೦೧೬ರಿಂದಲೇ ಇದ್ದ ರಾಕ್‌ಸ್ಟಾರ್ ಇಂಡಿಯಾದೊಡನೆ ಅದು ಬೆರೆಯಿತು. ಹೀಗೆ, ಯಾವ ಆಟವನ್ನು ಈ ನಗರ ಒಂದು ಕಾಸೂ ಕೊಡದೆ ಆಡಿತೋ ಅದೇ ಮನೆತನದ ಆಟಗಳಿಗೆ ಈಗ ಈ ನಗರದಲ್ಲೇ ಸಂಬಳಕ್ಕೆ ಕೆಲಸ ನಡೆಯುತ್ತಿದೆ. ಅಲ್ಲಿಯ ಮೇಜುಗಳ ಮುಂದೆ ಕುಳಿತವರಲ್ಲಿ ಈ ಮಾಧ್ಯಮದ ಮೊದಲ ಅಕ್ಷರಾಭ್ಯಾಸವನ್ನು ಕಳ್ಳಪ್ರತಿಯಿಂದಲೇ ಮಾಡಿದವರು ಯಾರೂ ಇಲ್ಲವೆಂದರೆ ನಾನು ನಂಬಲಾರೆ. ಇದರಿಂದ ಕಳ್ಳತನ ಸರಿಯೆಂದಾಗುವುದಿಲ್ಲ. ಆದರೆ ಬೆಲೆಯ ಬೀಗ ಪೂರ್ತಿ ಭದ್ರವಾಗಿದ್ದಿದ್ದರೆ ಆ ಮೇಜುಗಳಲ್ಲಿ ಎಷ್ಟು ಖಾಲಿಯಿರುತ್ತಿದ್ದವು?

ಕಳ್ಳಪ್ರತಿಯನ್ನು ಕೊನೆಗೆ ಹಿಮ್ಮೆಟ್ಟಿಸಿದುದು ಪೊಲೀಸರೂ ಅಲ್ಲ, ಗೂಂಡಾ ಕಾಯಿದೆಯೂ ಅಲ್ಲ. ‘ಸ್ಟೀಮ್’ ಎಂಬ ಅಮೆರಿಕದ ಆಟದ ಅಂಗಡಿ ೨೦೧೫ರ ನವೆಂಬರಿನಲ್ಲಿ ರೂಪಾಯಿಯಲ್ಲಿ ಬೆಲೆ ಹೇಳತೊಡಗಿತು. ಅಲ್ಲಿಯವರೆಗೆ ಭಾರತೀಯನೂ ಡಾಲರಿನಲ್ಲೇ ಕೊಳ್ಳಬೇಕಾಗಿತ್ತು. ದೇಶದೇಶದ ಜನರ ಶಕ್ತಿಗೆ ತಕ್ಕಂತೆ ಬೆಲೆ ಇಳಿಸಬಹುದೆಂಬ ಪದ್ಧತಿ ಬಂದಮೇಲೆ, ಹಬ್ಬದ ರಿಯಾಯಿತಿಯಲ್ಲಿ ಒಳ್ಳೆಯ ಆಟ ಎರಡು ಕಾಫಿಯ ಬೆಲೆಗೆ ಸಿಗುವಂತಾಯಿತು. ನ್ಯಾಷನಲ್ ಮಾರ್ಕೆಟ್ಟಿಗೆ ಹೋಗಿಬರುವ ಬಸ್ಸಿನ ಚೀಟಿಗೂ ಅದಕ್ಕೂ ಹೆಚ್ಚು ಅಂತರ ಉಳಿಯಲಿಲ್ಲ. ಆಟದ ಯಂತ್ರಗಳ ಮೇಲಿನ ಶೇಕಡ ೨೮ರ ತೆರಿಗೆಯನ್ನು ಜಿ.ಎಸ್.ಟಿ. ಮಂಡಲಿ ೨೦೧೮ರ ಡಿಸೆಂಬರಿನಲ್ಲಿ ೧೮ಕ್ಕೆ ಇಳಿಸಿದ್ದೂ ಅಲ್ಪ ಸಹಾಯವೇ. ಆದರೆ ಹಳ್ಳಿಯ ಮಟ್ಟಿಗೆ ಎಲ್ಲವನ್ನೂ ಬದಲಿಸಿದ್ದು ಮೊಬೈಲ್ ಫೋನು. ೨೦೧೬ರಲ್ಲಿ ಜಿಯೋ ಬಂದಮೇಲೆ ಅಂತರ್ಜಾಲ ಅಗ್ಗವಾಯಿತು. ೨೦೧೮ರಲ್ಲಿ ಪಬ್‌ಜಿ ಬಂತು, ಪುಕ್ಕಟೆಯಾಗಿ. ಪುಕ್ಕಟೆಯದನ್ನು ಕದಿಯುವುದು ಹೇಗೆ? ಅದನ್ನು ಸರ್ಕಾರ ೨೦೨೦ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು, ೨೦೨೧ರಲ್ಲಿ ಬಿ.ಜಿ.ಎಂ.ಐ. ಎಂಬ ಹೊಸ ಹೆಸರಿನಲ್ಲಿ ಬಂತು. ೨೦೨೨ರಲ್ಲಿ ಮತ್ತೆ ತಡೆ, ೨೦೨೩ರಲ್ಲಿ ಮತ್ತೆ ಪ್ರವೇಶ.

ಈ ಪುಕ್ಕಟೆ ಆಟಗಳ ವ್ಯಾಪಾರ ಬೇರೆ ಬಗೆಯದು. ಆಟಕ್ಕೆ ಹಣವಿಲ್ಲ, ಆಟದೊಳಗಿನ ಬೊಂಬೆ ತೊಡುವ ಉಡುಪಿಗೆ ಹಣ. ಚಿನ್ನದ ಅಂಚಿನ ನಿಲುವಂಗಿ, ಮಿನುಗುವ ಕವಚ, ಕೋವಿಗೆ ಬಣ್ಣ, ನೂರರಿಂದ ಸಾವಿರಗಳವರೆಗೆ. ಅದೃಷ್ಟದ ಪೆಟ್ಟಿಗೆಯಿಂದ ಬರಬೇಕಾದುದಾದರೆ ಎಷ್ಟು ಸಲ ಹಣ ಹಾಕಿದರೆ ಬಂದೀತೆಂದು ಹೇಳುವಂತಿಲ್ಲ. ಶಿಡ್ಲಘಟ್ಟದ ಸೀಮೆಯಲ್ಲಿ, ಹುಳುಮನೆಯ ಪಡಸಾಲೆಯಲ್ಲಿ ಕುಳಿತ ಹುಡುಗ ತಂದೆಯ ಫೋನಿನಿಂದ ಕೊಳ್ಳಬಹುದಾದ ಆ ಉಡುಪಿನಲ್ಲಿ ಒಂದೆಳೆ ನೂಲೂ ಇಲ್ಲ. ಅದು ಇರುವುದು ಎಲ್ಲೋ ದೂರದ ಕೇಂದ್ರ ಯಂತ್ರದಲ್ಲಿ. ಅದನ್ನು ನೂರು ರೂಪಾಯಿಗೆ ನಕಲು ಮಾಡಿಕೊಡುವ ಬೆಸುಗೆಯವನು ಎಸ್.ಪಿ. ರಸ್ತೆಯಲ್ಲಿ ಇಲ್ಲ.